ಇಂಗ್ಲೆಂಡಿನ ಕ್ರಾಂತಿ (1640–1660): ಚಮ್ಮಾರರು, ಸಿಪಾಯಿಗಳು, ಹೆಂಗಸರು ಏನು ಕೇಳಿದರು?

ತುಂಗಾತೀರ

ಕೆಲವು ತಿಂಗಳಿಂದ 17ನೇ ಶತಮಾನದ ಇಂಗ್ಲೆಂಡಿನ ಬಗ್ಗೆ ಓದುತ್ತಿದ್ದೇನೆ. ಶಾಲೆಯಲ್ಲಿ ಓದುವಾಗ ಈ ವಿಷಯ ನಾಲ್ಕು ಸಾಲಿನಲ್ಲಿ ಮುಗಿದುಹೋಗಿತ್ತು. ಒಂದನೇ ಚಾರ್ಲ್ಸ್ ಪಾರ್ಲಿಮೆಂಟಿನ ಮಾತು ಕೇಳಲಿಲ್ಲ, 1642ರಲ್ಲಿ ಯುದ್ಧ ಶುರುವಾಯಿತು, 1649ರ ಜನವರಿ 30ಕ್ಕೆ ಅವನ ತಲೆ ಕಡಿದರು, ಪಾರ್ಲಿಮೆಂಟಿನ ಸೇನಾನಾಯಕ ಕ್ರಾಮ್‌ವೆಲ್ ಬಂದ, 1660ರಲ್ಲಿ ರಾಜನ ಮಗ ವಾಪಸ್ ಬಂದ. ಅಷ್ಟೇ. ಆದರೆ ಆ 20 ವರ್ಷದಲ್ಲಿ ಚಪ್ಪಲಿ ಹೊಲಿಯುವವರು, ದರ್ಜಿಗಳು, ಮಾಮೂಲಿ ಸಿಪಾಯಿಗಳು, ಮನೆಕೆಲಸದ ಹೆಂಗಸರು ಎದ್ದು ನಿಂತು ಏನೇನು ಕೇಳಿದರು ಅನ್ನೋದು ಅಲ್ಲಿ ಇರಲೇ ಇಲ್ಲ. ಅದೇ ನನಗೆ ಮುಖ್ಯ ಅನ್ನಿಸಿದ್ದು.

ಶುರುವಾಗಿದ್ದು ಹೀಗೆ. 1641ರಲ್ಲಿ ಸ್ಟಾರ್ ಚೇಂಬರ್ ಅನ್ನೋ ರಾಜನ ನ್ಯಾಯಾಲಯವನ್ನು ಪಾರ್ಲಿಮೆಂಟು ರದ್ದು ಮಾಡಿತು. ಪುಸ್ತಕ, ಕರಪತ್ರಗಳ ಮೇಲೆ ಇದ್ದ ಹಿಡಿತ ಅದರ ಜೊತೆಗೇ ಕುಸಿಯಿತು. ಯಾರು ಏನು ಬೇಕಾದರೂ ಅಚ್ಚು ಹಾಕಿಸಬಹುದು ಅನ್ನೋ ಪರಿಸ್ಥಿತಿ ಬಂತು. ಲಂಡನ್ನಿನಲ್ಲಿ ಜಾರ್ಜ್ ಥಾಮಸನ್ ಅಂತ ಒಬ್ಬ ಪುಸ್ತಕ ವ್ಯಾಪಾರಿ ಇದ್ದ. ಬೀದಿಯಲ್ಲಿ ಸಿಕ್ಕಿದ ಕರಪತ್ರ, ಸುದ್ದಿಹಾಳೆ ಎಲ್ಲವನ್ನೂ ಕೂಡಿಡುತ್ತಾ ಹೋದ. ಬಹಳಷ್ಟರ ಮೇಲೆ ತನ್ನ ಕೈಗೆ ಬಂದ ತಾರೀಖನ್ನೂ ಬರೆದಿಟ್ಟ. 20 ವರ್ಷದಲ್ಲಿ 22,000ಕ್ಕೂ ಜಾಸ್ತಿ ಆಯಿತು. ಇವತ್ತಿಗೂ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಅದರ ಜೊತೆಗೆ ಪ್ರವಚನ. ಬಿಷಪ್ಪನ ಅಪ್ಪಣೆ ಇಲ್ಲದೆ, ಲ್ಯಾಟಿನ್ ಓದದೆ, ಕುಶಲಕರ್ಮಿಗಳೇ ನಿಂತು ದೇವರ ಬಗ್ಗೆ ಮಾತಾಡತೊಡಗಿದರು. ಕೋಲ್‌ಮನ್ ಸ್ಟ್ರೀಟ್ ಹತ್ತಿರದ ಬೆಲ್ ಆಲಿ ಅನ್ನೋ ಓಣಿಯಲ್ಲಿ ಮಿಸೆಸ್ ಆಟವೇ ಅನ್ನೋ ಲೇಸ್ ಮಾರುವ ಹೆಂಗಸು ಪ್ರವಚನ ಮಾಡುತ್ತಿದ್ದಳು, ಜನ ಗುಂಪುಗಟ್ಟಿ ಬರುತ್ತಿದ್ದರು. ನಮಗೆ ಇದು ಗೊತ್ತಾಗೋದು ಅವಳ ವೈರಿಯಿಂದ. ಥಾಮಸ್ ಎಡ್ವರ್ಡ್ಸ್ ಅನ್ನೋ ಪಾದ್ರಿ 1646ರಲ್ಲಿ ಇಂಥವರ 'ತಪ್ಪು ಮತ'ಗಳನ್ನೆಲ್ಲ ಪಟ್ಟಿ ಮಾಡಿ ಒಂದು ದಪ್ಪ ಪುಸ್ತಕ ಮಾಡಿದ. ಈ ರೋಗ ಹರಡದಂತೆ ತಡೆಯಬೇಕು ಅಂತ ಅವನ ಉದ್ದೇಶ. ಆ ಜನರ ಮಾತು ನಮ್ಮ ತನಕ ಬಂದಿದ್ದಕ್ಕೆ ಅವನ ಪಟ್ಟಿಯೂ ಒಂದು ಕಾರಣ.

ನನ್ನ ವಾದ ಇಷ್ಟು. ಈ ಜನರನ್ನು ಕೆಲವರು 'ಮತಾಂಧರು' ಅಂತ ತಳ್ಳಿಹಾಕುತ್ತಾರೆ. ಇನ್ನು ಕೆಲವರು 'ಒಳಗೆ ಪೂರ್ತಿ ಸಮಾಜವಾದಿಗಳು, ಬೈಬಲ್ ಬರೀ ಹೊದಿಕೆ' ಅನ್ನುತ್ತಾರೆ. ಎರಡೂ ಸರಿಯಲ್ಲ. ಅವರು ದೇವರ ಬಗ್ಗೆ ಯೋಚಿಸುತ್ತಲೇ ಭೂಮಿ, ಕೂಲಿ, ಮತದಾನ, ಕೋರ್ಟು ಎಲ್ಲದರ ಬಗ್ಗೆ ಯೋಚಿಸಿದರು. ಬಿಡಿಸಿ ನೋಡಿದರೆ ಅವರೇ ಕೈಗೆ ಸಿಗುವುದಿಲ್ಲ. ನಿಮಗೆಲ್ಲ ಏನನ್ನಿಸುತ್ತದೆ?

ಪ್ರಶ್ನೆಪತ್ರಿಕೆ

ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ ನನಗೆ ಅನುಮಾನ ಇದೆ. ಆ ಕಾಲದ ಬಡವರಲ್ಲಿ ಎಷ್ಟು ಜನಕ್ಕೆ ಓದು ಬರುತ್ತಿತ್ತು? ಕರಪತ್ರ ಬರೆದವರು ಒಂದಷ್ಟು ಜನ, ಅದನ್ನು ನಾವು ಇಡೀ ಜನಸಾಮಾನ್ಯರ ದನಿ ಅಂತ ತಗೊಳ್ಳುತ್ತಿದ್ದೇವೆ ಅಲ್ವಾ? ಇನ್ನೊಂದು, ಪ್ರವಚನ ಮಾಡೋದು ರಾಜಕೀಯ ಹೇಗಾಗುತ್ತದೆ? ದೇವರು ನನ್ನೊಳಗಿದ್ದಾನೆ ಅಂದರೆ ಅದು ಭಕ್ತಿ. ಅದರಿಂದ ಯಾವ ಸರ್ಕಾರಕ್ಕೂ ನಷ್ಟ ಇಲ್ಲ.

ತುಂಗಾತೀರ

@ಪ್ರಶ್ನೆಪತ್ರಿಕೆ ನಷ್ಟ ಇತ್ತು, ಲೆಕ್ಕ ಹಾಕುವಂಥ ನಷ್ಟವೇ ಇತ್ತು. ಆ ಕಾಲದ ಇಂಗ್ಲೆಂಡಿನಲ್ಲಿ ಚರ್ಚು ಅಂದರೆ ಬರೀ ಪೂಜೆಯ ಜಾಗ ಅಲ್ಲ. ಬೆಳೆದ ಬೆಳೆ, ಹುಟ್ಟಿದ ಕುರಿಮರಿ, ಕರೆದ ಹಾಲು, ಎಲ್ಲದರಲ್ಲೂ ಹತ್ತರಲ್ಲಿ ಒಂದು ಪಾಲು ಪಾದ್ರಿಗೆ. ಟೈತ್, ಅಂದರೆ ದಶಾಂಶ ಅಂತ ಇದರ ಹೆಸರು. ಇದು ಕಾಣಿಕೆ ಅಲ್ಲ, ಕಾನೂನು. ಎಷ್ಟೋ ಊರಲ್ಲಿ ಆ ಪಾಲನ್ನು ಪಾದ್ರಿಯೂ ತಿನ್ನುತ್ತಿರಲಿಲ್ಲ. ಹಿಂದೆ ಮಠಗಳ ಆಸ್ತಿ ಕೊಂಡ ಜಮೀನುದಾರರ ಕೈಗೆ ಆ ಹಕ್ಕು ಹೋಗಿತ್ತು. ಭಾನುವಾರ ಚರ್ಚಿಗೆ ಹೋಗದಿದ್ದರೆ 12 ಪೆನ್ನಿ ದಂಡ. ಮದುವೆ, ಉಯಿಲು, ನಡತೆ ಎಲ್ಲ ಚರ್ಚಿನ ಕೋರ್ಟಿಗೆ ಹೋಗುತ್ತಿದ್ದವು. ಸರ್ಕಾರದ ಆಜ್ಞೆಗಳನ್ನು ಓದಿ ಹೇಳುತ್ತಿದ್ದದ್ದೂ ಚರ್ಚಿನಲ್ಲೇ. ಇಂಥ ಜಾಗದಲ್ಲಿ ಒಬ್ಬ ಚಮ್ಮಾರ ನಿಂತು 'ಪವಿತ್ರಾತ್ಮ ನನ್ನೊಳಗೇ ಇದೆ, ನನಗೆ ಪಾದ್ರಿ ಬೇಕಿಲ್ಲ' ಅಂದ ಅಂದುಕೊಳ್ಳಿ. ಪಾದ್ರಿ ಬೇಡ ಅಂದಮೇಲೆ ಪಾಲು ಯಾಕೆ ಕೊಡಬೇಕು? ಪಾಲು ಕೊಡದಿದ್ದರೆ ಜಮೀನುದಾರನ ಆಸ್ತಿಗೆ ಏಟು. ಕೇಳುವವರಿಗೆ ಇದು ತಕ್ಷಣ ಅರ್ಥವಾಗುತ್ತಿತ್ತು.

ಓದಿನ ವಿಷಯ. ಸಹಿ ಹಾಕಲು ಬರದವರೂ ಅಚ್ಚಾದ ಅಕ್ಷರ ಓದಬಲ್ಲವರಾಗಿದ್ದರು, ಯಾಕೆಂದರೆ ಓದು ಮೊದಲು ಕಲಿಸುತ್ತಿದ್ದರು, ಬರಹ ಆಮೇಲೆ. ಓದು ಬರದವರಿಗೆ ಓದಿ ಹೇಳುವವರು ಇದ್ದರು, ಹೆಂಡದಂಗಡಿಯಲ್ಲಿ, ಸೈನ್ಯದ ಬಿಡಾರದಲ್ಲಿ. ಮನೆಗಳಲ್ಲಿ 1560ರ ಜಿನೀವಾ ಬೈಬಲ್ ಇತ್ತು. ಚಿಕ್ಕದು, ಅಗ್ಗದ್ದು, ಅಂಚಿನಲ್ಲಿ ಟಿಪ್ಪಣಿಗಳಿದ್ದವು. ದುಷ್ಟ ರಾಜರ ಬಗ್ಗೆ ಆ ಟಿಪ್ಪಣಿಗಳು ಮೆತ್ತಗೆ ಮಾತಾಡುತ್ತಿರಲಿಲ್ಲ.

ಥೇಮ್ಸ್ ಕನ್ನಡತಿ

ನಾನು ಲಂಡನ್ನಿನ ಪಕ್ಕದಲ್ಲೇ ಇದ್ದೇನೆ, ಹಾಗಾಗಿ ಸೇರಿಸಲೇಬೇಕು. ಪಟ್ನಿ ಸೇತುವೆಯ ಬುಡದಲ್ಲಿ ಸೇಂಟ್ ಮೇರಿ ಚರ್ಚ್ ಇದೆ. 1647ರ ಅಕ್ಟೋಬರ್ 28ಕ್ಕೆ ಅಲ್ಲಿ ಪಾರ್ಲಿಮೆಂಟಿನ ಸೈನ್ಯದ ಸಭೆ ನಡೆಯಿತು. ಯುದ್ಧ ಗೆದ್ದಾಗಿತ್ತು, ರಾಜ ಸೆರೆಯಲ್ಲಿದ್ದ, ಮುಂದೆ ದೇಶ ಹೇಗಿರಬೇಕು ಅನ್ನೋದು ಚರ್ಚೆ. ಕ್ರಾಮ್‌ವೆಲ್ ಅಧ್ಯಕ್ಷ. ಎದುರಿಗೆ ಸಿಪಾಯಿಗಳು ತಾವೇ ಆರಿಸಿ ಕಳಿಸಿದ ಪ್ರತಿನಿಧಿಗಳು. ಅವರ ಕೈಯಲ್ಲಿ 'ಜನರ ಒಪ್ಪಂದ' ಅನ್ನೋ ಸಂವಿಧಾನದ ಕರಡು.

ಮರುದಿನ ಮತದಾನದ ಮಾತು ಬಂತು. ಆಗ ಹಳ್ಳಿಗಾಡಿನಲ್ಲಿ ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವಳಿಯ ಸ್ವಂತ ಜಮೀನು ಇದ್ದವನಿಗೆ ಮಾತ್ರ ಮತ. ಕರ್ನಲ್ ಥಾಮಸ್ ರೈನ್ಸ್‌ಬರೋ ಎದ್ದು ಹೇಳಿದ: ಇಂಗ್ಲೆಂಡಿನ ಅತಿ ದೊಡ್ಡವನಿಗೆ ಇರುವ ಹಾಗೇ ಅತಿ ಬಡವನಿಗೂ ಬಾಳಬೇಕಾದ ಒಂದು ಬಾಳು ಇದೆ. ತಾನು ಒಪ್ಪಿಗೆ ಕೊಡದ ಸರ್ಕಾರಕ್ಕೆ ಯಾವನೂ ಬದ್ಧನಲ್ಲ ಅಂತ ಅವನ ವಾದ. ಕ್ರಾಮ್‌ವೆಲ್‌ನ ಅಳಿಯ ಹೆನ್ರಿ ಐರ್ಟನ್ ಒಪ್ಪಲಿಲ್ಲ. ದೇಶದಲ್ಲಿ ಬೇರೂರಿದ ಆಸ್ತಿ ಇರುವವನಿಗೇ ಮತ ಇರಬೇಕು, ಇಲ್ಲದವರಿಗೆ ಕೊಟ್ಟರೆ ನಾಳೆ ಅವರು ಆಸ್ತಿಯನ್ನೇ ರದ್ದು ಮಾಡುತ್ತಾರೆ ಅಂದ. ಅದಕ್ಕೆ ಎಡ್ವರ್ಡ್ ಸೆಕ್ಸ್‌ಬಿ ಅನ್ನೋ ಸಿಪಾಯಿಗಳ ಪ್ರತಿನಿಧಿ ಎದ್ದು, ನಾವು ಪ್ರಾಣ ಪಣಕ್ಕಿಟ್ಟು ಹೋರಾಡಿದ್ದು ನಮ್ಮ ಹುಟ್ಟುಹಕ್ಕಿಗಾಗಿ, ಈಗ ಜಮೀನು ಇಲ್ಲದಿದ್ದರೆ ಹಕ್ಕೇ ಇಲ್ಲ ಅನ್ನುತ್ತೀರಿ, ಹಾಗಾದರೆ ನಾವು ಬರೀ ಕೂಲಿ ಸಿಪಾಯಿಗಳಾದೆವು ಅಂದ.

ಇದನ್ನೆಲ್ಲ ವಿಲಿಯಂ ಕ್ಲಾರ್ಕ್ ಅನ್ನೋ ಕಾರ್ಯದರ್ಶಿ ಶೀಘ್ರಲಿಪಿಯಲ್ಲಿ ಬರೆದುಕೊಂಡ. ಆ ಕಾಗದಗಳು ಆಕ್ಸ್‌ಫರ್ಡಿನ ವೂಸ್ಟರ್ ಕಾಲೇಜಿನಲ್ಲಿ ಉಳಿದುಬಿಟ್ಟವು. ಅಚ್ಚಾಗಿದ್ದು 1891ರಲ್ಲಿ. ಸುಮಾರು 250 ವರ್ಷ ಈ ಮಾತು ಯಾರ ಕಿವಿಗೂ ಬೀಳಲಿಲ್ಲ ಅನ್ನೋದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಈಗ ರೈನ್ಸ್‌ಬರೋನ ಮಾತನ್ನು ಆ ಚರ್ಚಿನ ಗೋಡೆಯ ಮೇಲೇ ಬರೆಸಿದ್ದಾರೆ. ಆ ಕಡೆ ಬಂದವರು ಒಮ್ಮೆ ಒಳಗೆ ಹೋಗಿ ನೋಡಿ.

ಅಜ್ಜಿಮನೆ

ರೈನ್ಸ್‌ಬರೋ ಮಾತು ನನಗೂ ಇಷ್ಟ. ಆದರೆ ಆ ಸಭೆಯಲ್ಲಿ ಹೆಂಗಸರ ಮತದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಗಂಡಸರಲ್ಲೂ ಎಲ್ಲರಿಗೂ ಅಂತ ಇರಲಿಲ್ಲ. ಈ 'ಜನರ ಒಪ್ಪಂದ'ದ ಪರ ನಿಂತು ಸಮಾನ ಹಕ್ಕು ಕೇಳುತ್ತಿದ್ದ ಲೆವೆಲ್ಲರ್ ಅನ್ನೋ ಗುಂಪಿನ ಮ್ಯಾಕ್ಸಿಮಿಲಿಯನ್ ಪೆಟಿ ಅಲ್ಲೇ, ಆಳುಗಳು, ಕೆಲಸ ಕಲಿಯುವ ಹುಡುಗರು, ಭಿಕ್ಷೆಯ ಮೇಲೆ ಬದುಕುವವರು, ಇವರನ್ನು ಬಿಡಬಹುದು ಅಂತ ಒಪ್ಪಿಕೊಂಡ. ಯಜಮಾನನ ಮಾತು ಮೀರಲಾರರು ಅನ್ನೋ ಕಾರಣಕ್ಕೆ. ಅಂದರೆ ಅತಿ ಬಡವರನ್ನೇ ಮೊದಲು ಹೊರಗಿಟ್ಟರು.

ಆದರೆ ಹೆಂಗಸರು ಅಪ್ಪಣೆಗೆ ಕಾಯಲಿಲ್ಲ ಅನ್ನೋದನ್ನೂ ಹೇಳಬೇಕು. 1649ರ ಮಾರ್ಚಿನಲ್ಲಿ ಲೆವೆಲ್ಲರ್ ಮುಖಂಡರಾದ ಜಾನ್ ಲಿಲ್‌ಬರ್ನ್, ರಿಚರ್ಡ್ ಓವರ್ಟನ್, ವಿಲಿಯಂ ವಾಲ್ವಿನ್, ಥಾಮಸ್ ಪ್ರಿನ್ಸ್ ಇವರನ್ನೆಲ್ಲ ಹಿಡಿದು ಲಂಡನ್ ಟವರಿಗೆ ಹಾಕಿದರು. ರಾಜನ ತಲೆ ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಏಪ್ರಿಲ್‌ನಲ್ಲಿ ನೂರಾರು ಹೆಂಗಸರು ಪಾರ್ಲಿಮೆಂಟಿನ ಬಾಗಿಲಿಗೆ ಹೋದರು. ಎದೆಯ ಮೇಲೆ ಲೆವೆಲ್ಲರ್ ಗುರುತಾದ ಸಮುದ್ರ ಹಸಿರಿನ ರಿಬ್ಬನ್, ಕೈಯಲ್ಲಿ ಸಾವಿರಾರು ಸಹಿಗಳ ಅರ್ಜಿ. ಇದು ನಿಮಗೆ ಅರ್ಥವಾಗುವ ವಿಷಯ ಅಲ್ಲ, ಮನೆಗೆ ಹೋಗಿ ಪಾತ್ರೆ ತೊಳೆಯಿರಿ ಅಂತ ಉತ್ತರ ಬಂತು. ಮೇ ತಿಂಗಳಲ್ಲಿ ಮತ್ತೆ ಬಂದರು. ಈ ಸಲದ ಅರ್ಜಿಯಲ್ಲಿ ಬರೆದಿದ್ದು: ನಮ್ಮನ್ನೂ ದೇವರ ರೂಪದಲ್ಲೇ ಸೃಷ್ಟಿ ಮಾಡಲಾಗಿದೆ, ಕ್ರಿಸ್ತನಲ್ಲಿ ನಮಗೂ ಗಂಡಸರಷ್ಟೇ ಪಾಲಿದೆ, ಈ ದೇಶದ ಸ್ವಾತಂತ್ರ್ಯದಲ್ಲೂ ಪಾಲಿದೆ. ಹೀಗಿರುವಾಗ ಅರ್ಜಿ ಕೊಡಲೂ ನಾವು ಯೋಗ್ಯರಲ್ಲ ಅನ್ನುತ್ತೀರಲ್ಲ, ನಮಗೆ ಆಶ್ಚರ್ಯವಾಗಿದೆ, ನೋವಾಗಿದೆ.

ತುಂಗಾತೀರ ಅವರ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಕ್ರಿಸ್ತನಲ್ಲಿ ಸಮಪಾಲು ಅನ್ನೋ ನಂಬಿಕೆ ತೆಗೆದುಹಾಕಿದರೆ ಆ ಅರ್ಜಿ ನಿಲ್ಲುವುದೇ ಇಲ್ಲ.

ಗದ್ದೆಬದಿ

ನನಗೆ ಬೇಕಾಗಿರೋದು ಡಿಗ್ಗರ್‌ಗಳ ಕಥೆ. ಬೇರೆಯವರು ಮತ ಕೇಳಿದರು, ಇವರು ಹಾರೆ ಗುದ್ದಲಿ ತಗೊಂಡು ಹೋಗಿ ನೆಲ ಅಗೆದರು. ನಾನು ಜಮೀನು ಕೆಲಸ ನೋಡಿಕೊಂಡೇ ಬೆಳೆದವನು, ಅದಕ್ಕೇ ಇವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ.

ಜೆರಾರ್ಡ್ ವಿನ್‌ಸ್ಟಾನ್ಲಿ ಹುಟ್ಟಿದ್ದು 1609ರಲ್ಲಿ ವಿಗನ್ ಊರಲ್ಲಿ. ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರಕ್ಕೆ ಇಳಿದ. ಯುದ್ಧ ಬಂದು ವ್ಯಾಪಾರ ನೆಲಕಚ್ಚಿತು, 1643ರಲ್ಲಿ ದಿವಾಳಿ. ಹೆಂಡತಿಯ ಕಡೆಯವರಿದ್ದ ಸರ್ರೆ ಜಿಲ್ಲೆಯ ಕಾಬಮ್ ಕಡೆ ಹೋಗಿ ದನ ಕಾಯ್ದುಕೊಂಡು ಇದ್ದ. 1640ರ ದಶಕದ ಕೊನೆಯಲ್ಲಿ ಸಾಲುಸಾಲಾಗಿ ಬೆಳೆ ಕೆಟ್ಟಿತು. ರೊಟ್ಟಿಯ ಬೆಲೆ ಏರಿತು. ಮೇಲಿಂದ ಯುದ್ಧದ ತೆರಿಗೆ, ಮನೆಮನೆಗೆ ಸಿಪಾಯಿಗಳ ಬಿಡಾರ. 1649ರ ಏಪ್ರಿಲ್ 1ಕ್ಕೆ ಇವನೂ ವಿಲಿಯಂ ಎವರಾರ್ಡ್ ಅನ್ನೋ ಮಾಜಿ ಸಿಪಾಯಿಯೂ ಇನ್ನೊಂದಷ್ಟು ಬಡವರೂ ಸೇಂಟ್ ಜಾರ್ಜ್ ಗುಡ್ಡಕ್ಕೆ ಹೋಗಿ ಅಗೆಯತೊಡಗಿದರು. ಅದು ಊರಿನ ಪಾಳು ನೆಲ, ನಮ್ಮ ಗೋಮಾಳ ಇದ್ದ ಹಾಗೆ. ದನ ಮೇಯಿಸೋಕೆ, ಪುಳ್ಳೆ ಆರಿಸೋಕೆ ಊರವರಿಗೆ ಹಕ್ಕು, ಆದರೆ ಒಡೆತನ ಜಮೀನುದಾರನದು. ಇವರು ಹಾಕಿದ್ದು ಪಾರ್ಸ್‌ನಿಪ್ ಗೆಡ್ಡೆ, ಗಜ್ಜರಿ, ಬೀನ್ಸ್. ಮಣ್ಣು ಮರಳು ಮರಳು, ಗೊಬ್ಬರ ಇಲ್ಲದೆ ಏನೂ ಬಾರದು. ಅಂಥ ಮಣ್ಣಲ್ಲಿ ಹೊಟ್ಟೆ ತುಂಬಿಸಲು ಗೆಡ್ಡೆಗೆಣಸು ಆರಿಸಿಕೊಂಡರಲ್ಲ, ಅವರಿಗೆ ಬೇಸಾಯ ಗೊತ್ತಿತ್ತು ಅನ್ನೋದಕ್ಕೆ ಅದೇ ಸಾಕ್ಷಿ.

ಭೂಮಿ ಎಲ್ಲರಿಗೂ ಸೇರಿದ ಭಂಡಾರ ಅಂತ ವಿನ್‌ಸ್ಟಾನ್ಲಿ ಬರೆದ. ದೇವರು ಅನ್ನೋ ಬದಲು ವಿವೇಕ ಅಂತ ಬಳಸುತ್ತಿದ್ದ. 1066ರಲ್ಲಿ ನಾರ್ಮನ್ನರು ಕತ್ತಿಯಿಂದ ಕಸಿದ ನೆಲವನ್ನೇ ಇವತ್ತಿನ ಜಮೀನುದಾರರು ಅನುಭವಿಸುತ್ತಿದ್ದಾರೆ, ರಾಜ ಹೋದಮೇಲೆ ಆ ಕಳವಿನ ಹಕ್ಕೂ ಹೋಗಬೇಕು ಅನ್ನೋದು ಅವನ ಲೆಕ್ಕ. ನನಗೆ ಇದು ಎಷ್ಟು ನೇರವಾದ ಮಾತು ಅನ್ನಿಸುತ್ತದೆ ಅಂದರೆ, ಇವತ್ತು ಓದಿದರೂ ಮೈ ಬಿಸಿಯಾಗುತ್ತದೆ.

ದೂರು ಹೋಯಿತು. ಸೇನಾಧಿಪತಿ ಫೇರ್‌ಫ್ಯಾಕ್ಸ್ ಕರೆಸಿದ. ಏಪ್ರಿಲ್ 20ಕ್ಕೆ ವೈಟ್‌ಹಾಲಿನಲ್ಲಿ ಇಬ್ಬರೂ ಅವನ ಮುಂದೆ ನಿಂತರು, ಟೋಪಿ ತೆಗೆಯಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ಅವನೂ ನಮ್ಮಂಥ ಒಬ್ಬ ಮನುಷ್ಯನೇ ಅಲ್ಲವೇ ಅಂದರು. ಫೇರ್‌ಫ್ಯಾಕ್ಸ್ ಅಂಥ ಅಪಾಯ ಏನೂ ಕಾಣದೆ ಬಿಟ್ಟು ಕಳಿಸಿದ.

ಇವರನ್ನು ಹಾಳು ಮಾಡಿದ್ದು ಊರಿನ ದೊಡ್ಡವರು. ಜೂನ್ 11ಕ್ಕೆ ಹೆಂಗಸರ ಬಟ್ಟೆ ಹಾಕಿಕೊಂಡ ಗಂಡಸರ ಒಂದು ಗುಂಪು ಬಂದು, ನೆಲ ಹದ ಮಾಡುತ್ತಿದ್ದ ನಾಲ್ವರನ್ನು ದೊಣ್ಣೆಯಲ್ಲಿ ಬಡಿಯಿತು. ಆಮೇಲೆ ಕಿಂಗ್‌ಸ್ಟನ್ ಕೋರ್ಟಿನಲ್ಲಿ ಅತಿಕ್ರಮಣದ ಕೇಸು. ವಕೀಲನನ್ನು ಇಟ್ಟುಕೊಳ್ಳದೆ ಮಾತಾಡುವ ಹಾಗಿಲ್ಲ ಅಂದರು. ಇವರು ವಕೀಲನಿಗೆ ದುಡ್ಡು ಕೊಡಲ್ಲ, ನಮ್ಮ ಮಾತು ನಾವೇ ಆಡುತ್ತೇವೆ ಅಂದರು. ಕೇಳಿಸಿಕೊಳ್ಳದೆ ದಂಡ ಹಾಕಿದರು. ಜಪ್ತಿಗೆ ಬಂದವರು ವಿನ್‌ಸ್ಟಾನ್ಲಿ ಕಾಯುತ್ತಿದ್ದ ಹಸುಗಳನ್ನು ಹೊಡೆದುಕೊಂಡು ಹೋದರು. ಅವು ಅವನವೂ ಅಲ್ಲ, ಬೇರೆಯವರು ಮೇಯಿಸೋಕೆ ಬಿಟ್ಟಿದ್ದವು. ಹಸುಗಳಿಗೆ ಬಿದ್ದ ಏಟಿನ ಬಗ್ಗೆಯೂ ಅವನು ಸಂಕಟಪಟ್ಟು ಬರೆದಿದ್ದಾನೆ.

ಅಲ್ಲಿಂದ ಲಿಟ್ಲ್ ಹೀತ್ ಅನ್ನೋ ಕಡೆ ಹೋದರು. ಮನೆ ಕಟ್ಟಿದರು, ಧಾನ್ಯ ಬಿತ್ತಿದರು. 1650ರ ಏಪ್ರಿಲ್‌ನಲ್ಲಿ ಜಾನ್ ಪ್ಲಾಟ್ ಜನ ಕರಕೊಂಡು ಬಂದು ಮನೆಗಳಿಗೆ ಬೆಂಕಿ ಇಟ್ಟ. ಅವನು ಜಮೀನಿನ ಒಡೆಯ, ಪಕ್ಕದ ಊರಿನ ಪಾದ್ರಿಯೂ ಅವನೇ. ಚರ್ಚು ಬೇರೆ ಜಮೀನು ಬೇರೆ ಅನ್ನುವವರಿಗೆ ಈ ಒಬ್ಬ ಮನುಷ್ಯ ಸಾಕು. ಆ ಸೇಂಟ್ ಜಾರ್ಜ್ ಗುಡ್ಡ ಈಗ ಬೇಲಿ, ಗೇಟು, ಗಾಲ್ಫ್ ಮೈದಾನ ಇರುವ ಕೋಟ್ಯಧಿಪತಿಗಳ ಬಡಾವಣೆ.

ಪ್ರಶ್ನೆಪತ್ರಿಕೆ

ಟೈತ್ ವಿಷಯ ಒಪ್ಪಿದೆ, ಜಾನ್ ಪ್ಲಾಟ್ ಉದಾಹರಣೆಯೂ ಸರಿ. ಆದರೆ ಇವರೆಲ್ಲ ಒಳ್ಳೆಯವರು ಅನ್ನೋ ಧಾಟಿ ಜಾಸ್ತಿ ಆಗುತ್ತಿದೆ. ರ್‍ಯಾಂಟರ್‌ಗಳ ಬಗ್ಗೆ ಯಾಕೆ ಯಾರೂ ಹೇಳುತ್ತಿಲ್ಲ? ಪಾಪ ಅನ್ನೋದೇ ಇಲ್ಲ, ಕುಡಿದರೂ ಬೈದರೂ ಮನಬಂದಂತೆ ಇದ್ದರೂ ದೇವರೇ ಮಾಡಿಸಿದ್ದು ಅನ್ನುತ್ತಿದ್ದರಂತೆ. ಇದನ್ನೂ ಕ್ರಾಂತಿ ಅನ್ನಬೇಕಾ?

ತುಂಗಾತೀರ

@ಪ್ರಶ್ನೆಪತ್ರಿಕೆ ರ್‍ಯಾಂಟರ್ ಅಂತ ಒಂದು ಪಂಗಡ ನಿಜಕ್ಕೂ ಇತ್ತೇ ಅನ್ನೋದರ ಮೇಲೇ ಜಗಳ ಇದೆ. 1986ರಲ್ಲಿ ಒಬ್ಬ ಇತಿಹಾಸಕಾರ ಇದು ಪತ್ರಿಕೆಗಳು ಹುಟ್ಟಿಸಿದ ಭೂತ, ಅಂಥ ಸಂಘಟನೆಯೇ ಇರಲಿಲ್ಲ ಅಂತ ವಾದಿಸಿದ. ಬೆತ್ತಲೆ ಕುಣಿತದ ಚಿತ್ರ ಹಾಕಿದ ಒಂದು ಪೆನ್ನಿಯ ಕರಪತ್ರಗಳನ್ನು ನಂಬಬಾರದು ಅನ್ನೋದು ನನಗೂ ಸರಿ ಅನ್ನಿಸುತ್ತದೆ. ಆದರೆ ಅಬೀಝರ್ ಕಾಪ್, ಲಾರೆನ್ಸ್ ಕ್ಲಾರ್ಕ್‌ಸನ್ ಇವರು ಬರೆದದ್ದು ನಮ್ಮ ಮುಂದಿದೆ. ಅವರು ಇದ್ದರು.

ಕಾಪ್ ಬರೆದದ್ದನ್ನು ನೋಡಿ. ಲಂಡನ್ನಿನ ಬೀದಿಯಲ್ಲಿ ಶ್ರೀಮಂತರ ಗಾಡಿಗಳಿಗೆ ಎದುರು ನಿಂತು ಕೂಗುತ್ತಾನೆ. ಭಿಕ್ಷುಕರ, ಕುಂಟರ ಕಾಲಿಗೆ ಬೀಳುತ್ತಾನೆ. ದೇವರೇ ಮಹಾ ಸಮಾನತೆ ತರುವವನು, ನಿಮ್ಮ ಥೈಲಿ ಬಿಚ್ಚಿ ಬಡವರಿಗೆ ಕೊಡಿ, ಇಲ್ಲವಾದರೆ ಅವನೇ ಬಂದು ಕಿತ್ತುಕೊಳ್ಳುತ್ತಾನೆ ಅನ್ನುತ್ತಾನೆ. ಪಾಪದ ಬಗ್ಗೆ ಅವನು ಹೇಳುವುದಕ್ಕೂ ಇದಕ್ಕೂ ಸಂಬಂಧ ಇದೆ. ಬಡವನ ಬೈಗುಳ ಪಾಪ, ಶ್ರೀಮಂತನ ದುರಾಸೆ ಮರ್ಯಾದೆ, ಹೀಗೆ ತೀರ್ಮಾನ ಮಾಡಿದವರು ಯಾರು ಅನ್ನೋದು ಅವನ ಪ್ರಶ್ನೆ. ಪಾರ್ಲಿಮೆಂಟು ಅವನ ಪುಸ್ತಕ ಸುಡಿಸಿತು, ಅವನನ್ನು ಜೈಲಿಗೆ ಹಾಕಿತು, 1650ರ ಆಗಸ್ಟ್‌ನಲ್ಲಿ ದೇವನಿಂದೆಯ ಕಾಯ್ದೆ ತಂತು. ಜೇಕಬ್ ಬಾತಮ್ಲಿ ಅನ್ನೋ ಚಮ್ಮಾರ ಸೈನ್ಯದಲ್ಲಿದ್ದ, ದೇವರು ಪ್ರತಿ ಪ್ರಾಣಿಯಲ್ಲಿ, ಗೋಡೆಯ ಮೇಲಿನ ಐವಿ ಬಳ್ಳಿಯಲ್ಲೂ ಇದ್ದಾನೆ ಅಂತ ಬರೆದ. ಅವನ ನಾಲಿಗೆಗೆ ಕಾದ ಕಬ್ಬಿಣದಿಂದ ತೂತು ಮಾಡಿದರು.

ಇದು ರಾಜನ ಸರ್ಕಾರ ಮಾಡಿದ್ದಲ್ಲ. ರಾಜನನ್ನು ಕೊಂದ ಸರ್ಕಾರ ಮಾಡಿದ್ದು.

ಬಸವನಬಾಗೇವಾಡಿ ರೈಲು

ಈ ಎಳೆ ಓದುತ್ತಾ ಕಲ್ಯಾಣ ನೆನಪಾಗದೆ ಇರಲು ಸಾಧ್ಯವೇ? ಚಮ್ಮಾರ, ಮಡಿವಾಳ, ಅಂಬಿಗ, ಎಲ್ಲರೂ ಕೂತು ದೇವರ ಬಗ್ಗೆ ಮಾತಾಡಿದ್ದು, ಹೆಂಗಸರು ವಚನ ಬರೆದದ್ದು, ಕೊನೆಗೆ ರಾಜನ ಕೈಯಿಂದ ಹಿಂಸೆ. ಇದನ್ನೆಲ್ಲ ನಾವು 500 ವರ್ಷ ಮೊದಲೇ ಮಾಡಿದ್ದೆವು ಅಲ್ವಾ?

ಥೇಮ್ಸ್ ಕನ್ನಡತಿ

@ಬಸವನಬಾಗೇವಾಡಿ ರೈಲು ನನಗೂ ಹಾಗೇ ಅನ್ನಿಸುತ್ತದೆ. ಲ್ಯಾಂಬೆತ್‌ನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರಿಂದ ಬಸವಣ್ಣನ ಪ್ರತಿಮೆ ಇದೆ, ಅಲ್ಲಿಂದ ಹೊಳೆಯ ಮೇಲುಗಡೆಗೆ ಹೋದರೆ ಪಟ್ನಿ. ಆದರೆ ನಾವು ಮೊದಲು, ಅವರು ಆಮೇಲೆ ಅಂತ ಪಂದ್ಯ ಕಟ್ಟೋದು ಬೇಡ. ಎರಡೂ ಬೇರೆ ಬೇರೆ. ಶರಣರ ಎದುರಿಗೆ ಇದ್ದದ್ದು ಜಾತಿ. ಇಲ್ಲಿ ಇದ್ದದ್ದು ಜಮೀನು ಮತ್ತು ಚರ್ಚು. ಇಲ್ಲಿ ಅಚ್ಚುಯಂತ್ರ ಇತ್ತು, ಆಯುಧ ಹಿಡಿದ ಸೈನ್ಯವೇ ಚರ್ಚೆಗೆ ಕೂತಿತ್ತು. ಕಲ್ಯಾಣದ ಘಟನೆಗಳ ಬಗ್ಗೆ ನಮಗೆ ತಿಳಿದಿರುವ ಬಹುಪಾಲು ನಂತರದ ಕಾಲದವರು ಕಟ್ಟಿಕೊಟ್ಟ ರೂಪದಲ್ಲಿ ಬಂದಿದೆ. ಇಲ್ಲಿ ಅದೇ ವಾರ ಅಚ್ಚಾದ ಹಾಳೆ ಸಿಗುತ್ತದೆ. ಆ ವ್ಯತ್ಯಾಸ ಇಟ್ಟುಕೊಂಡೇ ಹೋಲಿಸಿದರೆ ಜಾಸ್ತಿ ಕಾಣುತ್ತದೆ.

ಅಜ್ಜಿಮನೆ

ಇಷ್ಟೆಲ್ಲ ಜನ ಇದ್ದರು, ಸೈನ್ಯವೂ ಅವರ ಕಡೆ ಅರ್ಧ ಇತ್ತು, ಹಾಗಾದರೆ ಸೋತಿದ್ದು ಯಾಕೆ?

ಥೇಮ್ಸ್ ಕನ್ನಡತಿ

ಸೈನ್ಯದಲ್ಲೇ ಮುರಿದರು. ಪಟ್ನಿಯ ಚರ್ಚೆ ಮುಗಿಯುತ್ತಿದ್ದ ಹಾಗೆ, 1647ರ ನವೆಂಬರ್ 15ಕ್ಕೆ ವೇರ್ ಹತ್ತಿರದ ಕಾರ್ಕ್‌ಬುಷ್ ಮೈದಾನದಲ್ಲಿ ಕೆಲವು ದಳಗಳು 'ಜನರ ಒಪ್ಪಂದ'ವನ್ನು ಟೋಪಿಗೆ ಸಿಕ್ಕಿಸಿಕೊಂಡು ಬಂದವು. ಅಧಿಕಾರಿಗಳು ಕಿತ್ತುಹಾಕಿಸಿದರು. ಮೂವರಿಗೆ ಚೀಟಿ ಎತ್ತಿಸಿ, ರಿಚರ್ಡ್ ಆರ್ನಲ್ಡ್ ಅನ್ನೋ ಸಿಪಾಯಿಯನ್ನು ಅಲ್ಲೇ ಗುಂಡಿಟ್ಟು ಕೊಂದರು.

1649ರಲ್ಲಿ ಐರ್ಲೆಂಡಿಗೆ ದಂಡು ಹೊರಟಿತು. ಯಾವ ದಳ ಹೋಗಬೇಕು ಅನ್ನೋದಕ್ಕೂ ಚೀಟಿ. ಬಾಕಿ ಸಂಬಳ ಕೊಟ್ಟಿಲ್ಲ, ಮಾತು ಕೊಟ್ಟ ಹಕ್ಕು ಕೊಟ್ಟಿಲ್ಲ, ಹೋಗಲ್ಲ ಅಂತ ದಳಗಳು ತಿರುಗಿಬಿದ್ದವು. ಏಪ್ರಿಲ್ 27ಕ್ಕೆ ರಾಬರ್ಟ್ ಲಾಕ್ಯರ್ ಅನ್ನೋ 23 ವರ್ಷದ ಸವಾರನನ್ನು ಸೇಂಟ್ ಪಾಲ್ಸ್ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಅವನ ಶವದ ಹಿಂದೆ ಸಾವಿರಾರು ಜನ ಹಸಿರು, ಕಪ್ಪು ರಿಬ್ಬನ್ ಕಟ್ಟಿಕೊಂಡು ನಡೆದರು. ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ಷೈರಿನ ಬರ್ಫರ್ಡ್‌ನಲ್ಲಿ ತಂಗಿದ್ದ ಬಂಡುಕೋರರ ಮೇಲೆ ಕ್ರಾಮ್‌ವೆಲ್ ರಾತ್ರಿ ಬಿದ್ದ. 300ಕ್ಕೂ ಹೆಚ್ಚು ಜನರನ್ನು ಊರಿನ ಚರ್ಚಿನಲ್ಲಿ ಕೂಡಿಹಾಕಿದರು. ಮೇ 17ಕ್ಕೆ ಮೂವರನ್ನು ಹೊರಗೆ ಗೋಡೆಗೆ ನಿಲ್ಲಿಸಿ ಕೊಂದರು: ಕಾರ್ನೆಟ್ (ಕಿರಿಯ ಅಧಿಕಾರಿ) ಥಾಂಪ್ಸನ್, ಕಾರ್ಪೊರಲ್ ಪರ್ಕಿನ್ಸ್, ಸಿಪಾಯಿ ಜಾನ್ ಚರ್ಚ್.

ನಾನು ಆ ಚರ್ಚಿಗೆ ಹೋಗಿದ್ದೇನೆ. ದೀಕ್ಷಾಸ್ನಾನದ ಕಲ್ಲಿನ ತೊಟ್ಟಿಯ ಒಳಗೆ ಸೀಸದ ತಗಡು ಹೊದಿಸಿದ್ದಾರೆ. ಅದರ ಅಂಚಿನಲ್ಲಿ ಒಬ್ಬ ಕೈದಿ ಹೆಸರು ಕೆತ್ತಿದ್ದಾನೆ. ಆಂಟನಿ ಸೆಡ್ಲಿ, 1649, ಕೈದಿ. ಅಕ್ಷರಗಳು ದಪ್ಪ, ಒಂದೊಂದನ್ನೂ ಒತ್ತಿ ಒತ್ತಿ ಕೊರೆದದ್ದು ಕಾಣುತ್ತದೆ. ಕೈದಿ ಅನ್ನೋ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ಬಿಟ್ಟುಹೋಗಿದೆ. ನಾಳೆ ತನ್ನನ್ನು ಕೊಲ್ಲುತ್ತಾರೋ ಬಿಡುತ್ತಾರೋ ಗೊತ್ತಿಲ್ಲದವನು ಬರೆದದ್ದು. ನಾನು ತುಂಬಾ ಹೊತ್ತು ಅಲ್ಲೇ ನಿಂತಿದ್ದೆ. 1975ರಿಂದ ಪ್ರತಿ ಮೇ ತಿಂಗಳಲ್ಲಿ ಜನ ಅಲ್ಲಿ ಸೇರಿ ಅವರನ್ನು ನೆನೆಯುತ್ತಾರೆ.

ತುಂಗಾತೀರ

ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಸೈನ್ಯ, ಮತ, ನೆಲ ಎಲ್ಲ ಕಡೆ ಬಾಗಿಲು ಮುಚ್ಚಿದ ಮೇಲೂ ಜನ ಸುಮ್ನೆ ಮನೆಗೆ ಹೋಗಲಿಲ್ಲ. ಬಹಳ ಜನ ಕ್ವೇಕರ್ ಅನ್ನೋ ಹೊಸ ಕ್ರೈಸ್ತ ಪಂಗಡಕ್ಕೆ ಸೇರಿದರು. ಲಿಲ್‌ಬರ್ನ್ ಕೂಡ ಕೊನೆಗೆ ಕ್ವೇಕರ್ ಆದ. 1652ರಿಂದ ಉತ್ತರದ ಜಿಲ್ಲೆಗಳಲ್ಲಿ ಜಾರ್ಜ್ ಫಾಕ್ಸ್, ಜೇಮ್ಸ್ ನೇಲರ್, ಮಾರ್ಗರೆಟ್ ಫೆಲ್ ಇವರ ಸುತ್ತ ಈ ಗುಂಪು ಬೆಳೆಯಿತು. ಯಾರ ಮುಂದೆಯೂ ಟೋಪಿ ತೆಗೆಯಲ್ಲ, ಜಡ್ಜನನ್ನೂ ಏಕವಚನದಲ್ಲೇ ಕರೆಯುತ್ತೇವೆ, ಆಣೆ ಇಡಲ್ಲ, ದಶಾಂಶ ಕೊಡಲ್ಲ ಅನ್ನುತ್ತಿದ್ದರು. ಒಂದೊಂದಕ್ಕೂ ಜೈಲು.

ಮೇರಿ ಫಿಶರ್ ಕಥೆ ಗೊತ್ತಾ? ಯಾರ್ಕ್‌ಷೈರಿನ ಸೆಲ್ಬಿಯಲ್ಲಿ ಮನೆಕೆಲಸದವಳು. ಪಾದ್ರಿಗೆ ಎದುರು ಮಾತಾಡಿದ್ದಕ್ಕೆ ಯಾರ್ಕ್ ಜೈಲು. 1653ರಲ್ಲಿ ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳ ಜೊತೆ ವಾದ ಮಾಡಿದ್ದಕ್ಕೆ ಬೆನ್ನ ಮೇಲೆ ರಕ್ತ ಬರುವ ತನಕ ಚಾಟಿ. 1656ರಲ್ಲಿ ಆನ್ ಆಸ್ಟಿನ್ ಜೊತೆ ಬಾಸ್ಟನ್ನಿಗೆ ಹೋದಳು, ಅಲ್ಲಿ ಪುಸ್ತಕ ಸುಟ್ಟು, ಜೈಲಿಗೆ ಹಾಕಿ, ವಾಪಸ್ ಹಡಗು ಹತ್ತಿಸಿದರು. 1658ರಲ್ಲಿ ಆಟೊಮನ್ ಸುಲ್ತಾನ್ ನಾಲ್ಕನೇ ಮೆಹ್ಮದ್ ದಂಡಿನ ಜೊತೆ ಎಡಿರ್ನೆಯಲ್ಲಿ ಬೀಡುಬಿಟ್ಟಿದ್ದಾಗ ಅಲ್ಲಿಗೇ ಹೋಗಿ ಅವನ ಮುಂದೆ ನಿಂತು ತನಗೆ ದೇವರು ಹೇಳಿಕೊಟ್ಟದ್ದನ್ನು ಹೇಳಿದಳು. ಅವನು ಮರ್ಯಾದೆಯಿಂದ ಕೇಳಿಸಿಕೊಂಡ, ಕಾವಲು ಬೇಕಾದರೆ ಕೊಡುತ್ತೇನೆ ಅಂದ. ಬೇಡ ಅಂದು ಹೊರಟಳು. ತನ್ನ ದೇಶದಲ್ಲಿ ಚಾಟಿ ತಿಂದವಳನ್ನು ಅವನು ನಡೆಸಿಕೊಂಡ ರೀತಿ ನನಗೆ ಮರೆಯಲು ಆಗುವುದಿಲ್ಲ.

ಎಲ್ಲರೂ ಶಾಂತಿಯ ದಾರಿ ಹಿಡಿಯಲಿಲ್ಲ. ಪೀಪಾಯಿ ಮಾಡುವ ಥಾಮಸ್ ವೆನ್ನರ್ ಸುಮಾರು 50 ಜನ ಕಟ್ಟಿಕೊಂಡು 1661ರ ಜನವರಿಯಲ್ಲಿ ಲಂಡನ್ನಿನಲ್ಲಿ ದಂಗೆ ಎದ್ದ. ಯೇಸುವೇ ರಾಜ ಅನ್ನೋದು ಕೂಗು. ಕೆಲವೇ ದಿನದಲ್ಲಿ ಮುಗಿಯಿತು, ಗಲ್ಲಿಗೇರಿಸಿದರು. ಅದರ ಬೆನ್ನಿಗೇ, ಅದಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಕ್ವೇಕರ್‌ಗಳನ್ನು ಜೈಲಿಗೆ ತುಂಬಿದರು.

ಪ್ರಶ್ನೆಪತ್ರಿಕೆ

ಅಂದರೆ ರಾಜಕೀಯದಲ್ಲಿ ಸೋತವರು ಭಕ್ತಿಗೆ ಹೋದರು. ನಾನು ಮೊದಲಿಂದ ಹೇಳಿದ್ದೂ ಇದೇ ಅಲ್ವಾ, ಎರಡೂ ಬೇರೆ ಬೇರೆ ಅಂತ.

ಗದ್ದೆಬದಿ

@ಪ್ರಶ್ನೆಪತ್ರಿಕೆ ದಶಾಂಶ ಕೊಡಲ್ಲ ಅಂತ ಕೂತು, ಮನೆಯ ಪಾತ್ರೆ, ಕೊಟ್ಟಿಗೆಯ ದನ ಜಪ್ತಿ ಮಾಡಿದರೂ ಕೊಡದೆ, ಜೈಲಲ್ಲೇ ಸಾಯುವುದು ಭಕ್ತಿಯಾ ರಾಜಕೀಯಾ? ನೀವೇ ಹೇಳಿ.

ಪ್ರಶ್ನೆಪತ್ರಿಕೆ

ಅದು ಸರಿ. ಆದರೆ ವಿನ್‌ಸ್ಟಾನ್ಲಿ? ನಾನೂ ಸ್ವಲ್ಪ ಓದಿದೆ. ಅವನು 1652ರಲ್ಲಿ ಕೊನೆಯ ಪುಸ್ತಕ ಬರೆದು ಕ್ರಾಮ್‌ವೆಲ್‌ಗೆ ಅರ್ಪಿಸಿದ. ಆಮೇಲೆ ಮಾವನ ಕಡೆಯ ಆಸ್ತಿ ಸಿಕ್ಕಿತು. ಕಾಬಮ್‌ನಲ್ಲೇ ಬಡವರ ನಿಧಿಯ ಮೇಲ್ವಿಚಾರಕ ಆದ, 1660ರ ದಶಕದಲ್ಲಿ ಅದೇ ಊರಿನ ಚರ್ಚಿನ ವಾರ್ಡನ್, ಅಂದರೆ ಚರ್ಚಿನ ಆಡಳಿತ ನೋಡುವವನು, ಕೂಡ ಆದ. ಆಮೇಲೆ ಕಾನ್‌ಸ್ಟೇಬಲ್. ಯಾರ ವಿರುದ್ಧ ಗುದ್ದಲಿ ಎತ್ತಿದ್ದನೋ ಅವರ ಸಾಲಿನಲ್ಲೇ ಕೂತ.

ಗದ್ದೆಬದಿ

ಕೂತ, ನಿಜ. ಮನೆ ಸುಟ್ಟಮೇಲೆ ಅವನು ಇನ್ನೆಲ್ಲಿ ಕೂರಬೇಕಿತ್ತು? ಬಡವರ ನಿಧಿ ಹಂಚುವ ಕೆಲಸವನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಇದ್ದರು ಅಂತ ನನಗಂತೂ ಅನ್ನಿಸುವುದಿಲ್ಲ.

ಅಜ್ಜಿಮನೆ

ಮತ್ತೆ 1676ರಲ್ಲಿ ಅವನು ಸತ್ತಾಗ ಅದು ದಾಖಲಾಗಿದ್ದು ಆ ಚರ್ಚಿನ ಪುಸ್ತಕದಲ್ಲಲ್ಲ, ಕ್ವೇಕರ್‌ಗಳ ಪುಸ್ತಕದಲ್ಲಿ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ @ಪ್ರಶ್ನೆಪತ್ರಿಕೆ.

ಪ್ರಶ್ನೆಪತ್ರಿಕೆ

ತಗೊಳ್ಳುತ್ತೇನೆ. ಆದರೂ ವಾರ್ಡನ್ ಆಗಿದ್ದು ನನಗೆ ಇನ್ನೂ ಒಪ್ಪಿಗೆಯಾಗಿಲ್ಲ.